ಅವರ ತೂಕದ ಬೆಲ್ಲ

ಅವರ ಗಂಟಲಮಣಿ ದೊಡ್ಡದು. ಮಾತು ಬಾಯಿಗೆ ಬರುವ ಮೊದಲೇ ಅದು ಕತ್ತಿನಲ್ಲಿ ಒಮ್ಮೆ ಮೇಲೆ ಹೋಗಿ ಕೆಳಗೆ ಬರುತ್ತಿತ್ತು. ಸ್ಟಾಫ್ ರೂಮಿನಲ್ಲಿ ಅವರ ಎದುರಿಗೇ ಕೂರುತ್ತಿದ್ದ ನನಗೆ ಅದು ಚೆನ್ನಾಗಿ ರೂಢಿಯಾಗಿತ್ತು. ಅದು ಮೇಲೇರಿತೆಂದರೆ ಇನ್ನೊಂದು ವಾದ ಶುರುವಾಯಿತು ಎಂದೇ ಲೆಕ್ಕ. ನಾನು ಉತ್ತರಪತ್ರಿಕೆ ಪಕ್ಕಕ್ಕೆ ಸರಿಸಿ, ಪೆನ್ನಿನ ಮುಚ್ಚಳ ಹಾಕಿ ಸಿದ್ಧವಾಗುತ್ತಿದ್ದೆ. ಕೊನೆಗೆ ಕಾಯಿಲೆ ಬಂದು ಕೂತದ್ದೂ ಅಲ್ಲೇ, ಆ ಮಣಿಯಿಂದ ಸ್ವಲ್ಪ ಕೆಳಗೆ, ಅನ್ನನಾಳದಲ್ಲಿ.

ಅರಕಲಗೂಡಿನ ಕಾಲೇಜೊಂದರಲ್ಲಿ ಅವರು ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳುತ್ತಿದ್ದರು, ನಾನು ಕನ್ನಡ. ಊರಿಗೆಲ್ಲ ಅವರು ಫಿಸಿಕ್ಸ್ ಮೇಷ್ಟ್ರು. ನನಗೂ ಹಾಗೇ. ಇಬ್ಬರೂ ಹಾಸನದಿಂದ ದಿನಾ ಬಸ್ಸಿನಲ್ಲಿ ಓಡಾಡುವವರು. ಹೆಂಗಸರಿಗೆ ಟಿಕೆಟ್ ಇಲ್ಲ ಎಂದಾದ ಮೇಲೆ ಆ ಬಸ್ಸಿನಲ್ಲಿ ಕಾಲಿಡಲು ಜಾಗ ಸಿಕ್ಕರೆ ಪುಣ್ಯ. ಕಂಡಕ್ಟರ್ ನನಗೆ ಸೊನ್ನೆ ರೂಪಾಯಿಯ ಚೀಟಿ ಹರಿದುಕೊಟ್ಟಾಗಲೆಲ್ಲ ಮೇಷ್ಟ್ರು, "ನಿಮಗೆ ತೂಕವೇ ಇಲ್ಲ ಮೇಡಮ್, ಸರ್ಕಾರವೇ ಬರೆದುಕೊಟ್ಟಿದೆ" ಎಂದು ರೇಗಿಸುತ್ತಿದ್ದರು. ನನ್ನ ಗಾತ್ರ ನೋಡಿದವರಿಗೆ ಅದರ ಕುಹಕ ಗೊತ್ತಾಗುತ್ತದೆ.

ನಮ್ಮ ಜಗಳ ಹುಟ್ಟಿದ್ದೂ ಆ ಬಸ್ಸಿನಲ್ಲೇ. ಒಂದು ಬೆಳಿಗ್ಗೆ ಶುಂಠಿ ತುಂಬಿದ ಟ್ರ್ಯಾಕ್ಟರೊಂದು ಅಡ್ಡ ಬಂದು ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ನಾನು ಮುಂದಿನ ಸೀಟಿನ ಕಂಬಿಗೆ ಹಣೆ ಬಡಿಸಿಕೊಂಡೆ. ಮನುಷ್ಯರಾದವರು ಪೆಟ್ಟಾಯಿತಾ ಎಂದು ಕೇಳುತ್ತಾರೆ. ಇವರು ಕೇಳಿದ್ದು ಬೇರೆ.

"ಈಗ ನಿಮ್ಮನ್ನ ಯಾರು ತಳ್ಳಿದ್ದು?"

"ಡ್ರೈವರ್. ಇನ್ಯಾರು?" ಎಂದೆ ಹಣೆ ಉಜ್ಜಿಕೊಳ್ಳುತ್ತ.

"ಯಾರೂ ತಳ್ಳಲಿಲ್ಲ. ನೀವು ನಿಮ್ಮ ಪಾಡಿಗೆ ನೇರ ಹೋಗ್ತಾ ಇದ್ರಿ, ಬಸ್ಸು ನಿಂತುಕೊಳ್ತು. ಬಸ್ಸೊಳಗೆ ಕೂತಿದ್ದಕ್ಕೆ ಯಾರೋ ತಳ್ಳಿದ ಹಾಗೆ ಅನ್ನಿಸ್ತು, ಅಷ್ಟೆ. ಭೂಮಿ ಎಳೆಯುತ್ತೆ ಅಂತೀವಲ್ಲ, ಅದೂ ಇಂಥದ್ದೇ."

"ಭೂಮಿ ಎಳೆಯುತ್ತೆ ಸಾರ್. ನಾನೂ ಸ್ಕೂಲಿಗೆ ಹೋಗಿದ್ದೀನಿ."

"ಎಳೆಯಲ್ಲ."

"ಹಂಗಾದ್ರೆ ತೆಂಗಿನಕಾಯಿ ಯಾಕೆ ಬೀಳುತ್ತೆ?"

ಗಂಟಲಮಣಿ ಮೇಲೆ ಹೋಗಿ ಕೆಳಗೆ ಬಂತು. "ಬೀಳೋದಕ್ಕೆ ಕಾರಣ ಬೇಡ ಮೇಡಮ್. ಬೀಳದೇ ಇರೋದಕ್ಕೆ ಕಾರಣ ಬೇಕು. ಅಲ್ಲೀ ತನಕ ತೊಟ್ಟು ಹಿಡ್ಕೊಂಡಿತ್ತು, ಈಗ ಬಿಡ್ತು. ನೀವು ಸೀಟಿನಲ್ಲಿ ಕೂತಿದ್ದೀರಲ್ಲ, ಭಾರ ಅನ್ನಿಸ್ತಾ ಇದೆಯಲ್ಲ, ಅದು ಭೂಮಿ ಎಳೆದದ್ದಲ್ಲ. ಸೀಟು ನಿಮ್ಮನ್ನ ಕೆಳಗಿಂದ ಒತ್ತುತ್ತಾ ಇದೆ. ಆ ಒತ್ತೋದಕ್ಕೇ ನಾವು ತೂಕ ಅಂತ ಹೆಸರಿಟ್ಟಿದ್ದೀವಿ."

ಇದು ಸಾಮಾನ್ಯ ಸಾಪೇಕ್ಷತೆ ಎಂಬ ಸಿದ್ಧಾಂತದ ಮೊದಲ ಮೆಟ್ಟಿಲಂತೆ. ನೂರು ವರ್ಷದ ಮೇಲಾಯಿತಂತೆ ಅದು ಬಂದು. ನಮ್ಮ ಪಿಯುಸಿ ಪುಸ್ತಕಕ್ಕೆ ಮಾತ್ರ ಇನ್ನೂ ಬಂದಿಲ್ಲ, ಅಲ್ಲಿ ಭೂಮಿ ಈಗಲೂ ಎಳೆಯುತ್ತಲೇ ಇದೆ. ಅವರು ಆ ಪುಸ್ತಕವನ್ನು ಅಕ್ಷರಶಃ ಪಾಠ ಮಾಡುತ್ತಿದ್ದರು, ಪರೀಕ್ಷೆಗೆ ಬೇಕಾದ ಸೂತ್ರವನ್ನೆಲ್ಲ ಬೋರ್ಡಿನ ಮೇಲೆ ಬರೆಯುತ್ತಿದ್ದರು. ಆದರೆ ಶನಿವಾರ ತರಗತಿ ಮುಗಿದ ಮೇಲೆ, ನಿಲ್ಲಲು ಮನಸ್ಸಿದ್ದವರನ್ನು ನಿಲ್ಲಿಸಿಕೊಂಡು, ಪುಸ್ತಕದಲ್ಲಿ ಇಲ್ಲದ್ದನ್ನು ಹೇಳುತ್ತಿದ್ದರು. ನಿಲ್ಲುತ್ತಿದ್ದವರಲ್ಲಿ ಅರ್ಧದಷ್ಟು ಜನ ಕೊಣನೂರಿನ ಕಡೆ ಬಸ್ಸು ತಡ ಎಂದು ನಿಂತವರು. ಅದು ಅವರಿಗೂ ಗೊತ್ತಿತ್ತು.

"ಒಬ್ಬರಿಗೆ ಅರ್ಥ ಆದರೂ ಸಾಕು ಮೇಡಮ್" ಎನ್ನುತ್ತಿದ್ದರು. "ಲೆಕ್ಕ ಬೇಡ. ಲೆಕ್ಕ ನನಗೂ ಪೂರ್ತಿ ಬರಲ್ಲ. ತೂಕ ಅಂದ್ರೆ ಏನು ಅಂತ ಕೈಗೆ ಗೊತ್ತಾದರೆ ಸಾಕು."

ಆ ಒಬ್ಬರಿಗಾಗಿ ಅವರು ಪಟ್ಟ ಪಾಡು ಒಂದೆರಡಲ್ಲ. ಒಂದು ಸಲ ಸಂತೆಯಿಂದ ದೊಡ್ಡದೊಂದು ಸಿಹಿಗುಂಬಳಕಾಯಿ ತಂದು ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡಿದ್ದರು. "ಪೂಜೆಗಾ ಸಾ?" ಎಂದು ಕಂಡಕ್ಟರ್ ಕೇಳಿದ್ದಕ್ಕೆ "ಪಾಠಕ್ಕೆ" ಎಂದರು. ಆ ಪಾಠಕ್ಕೆ ನಾನೂ ಹಿಂದಿನ ಬೆಂಚಿನಲ್ಲಿ ಹೋಗಿ ಕೂತೆ. ಕಾಯಿಯ ಹೊಟ್ಟೆಯ ಮೇಲೆ ಪಕ್ಕಪಕ್ಕದಲ್ಲಿ ಎರಡು ಇರುವೆ ಬರೆದು, ಎರಡನ್ನೂ ನೆಟ್ಟಗೆ ತೊಟ್ಟಿನ ಕಡೆಗೆ ನಡೆಸಿಕೊಂಡು ಹೋದರು. ಇಬ್ಬರೂ ಎಡಕ್ಕೂ ತಿರುಗಲಿಲ್ಲ, ಬಲಕ್ಕೂ ತಿರುಗಲಿಲ್ಲ, ಆದರೂ ತೊಟ್ಟಿನ ಹತ್ತಿರ ಢಿಕ್ಕಿ ಹೊಡೆದರು.

"ಇವರಿಬ್ಬರನ್ನೂ ಹತ್ತಿರಕ್ಕೆ ಎಳೆದದ್ದು ಯಾರು?"

"ಲವ್ವು ಸಾ" ಎಂದ ನನ್ನ ಮುಂದಿನ ಬೆಂಚಿನವನೊಬ್ಬ.

ನಗು ಮುಗಿಯುವವರೆಗೆ ಕಾದು ಮೇಷ್ಟ್ರು ಹೇಳಿದರು, "ಯಾರೂ ಎಳೀಲಿಲ್ಲ ಕಣಪ್ಪ. ಕುಂಬಳಕಾಯಿ ಹಂಗಿದೆ. ನಾವಿರೋ ಜಾಗವೂ ಹಂಗೇ ಇದೆ. ಸೂರ್ಯನೋ ಭೂಮಿಯೋ ಇರೋ ಕಡೆ ಜಾಗ ಬಾಗಿದೆ, ಕಾಲವೂ ಬಾಗಿದೆ. ನಾವೆಲ್ಲ ನೇರ ಹೋಗ್ತಾ ಇದ್ದೀವಿ ಅಂದುಕೊಂಡೇ ಹೋಗಿ ಒಂದೇ ಕಡೆ ಸೇರ್ತೀವಿ."

ಬಿಗಿಯಾಗಿ ಎಳೆದು ಕಟ್ಟಿದ ಬಟ್ಟೆಯ ನಡುವೆ ಕಬ್ಬಿಣದ ಗುಂಡು ಇಟ್ಟು ತೋರಿಸುವ ಚಿತ್ರಗಳು ಮೊಬೈಲಿನಲ್ಲಿ ಬೇಕಾದಷ್ಟಿವೆ. ಹುಡುಗನೊಬ್ಬ ಅದನ್ನು ತೋರಿಸಿದಾಗ ಅವರಿಗೆ ಸಿಟ್ಟೇ ಬಂತು. ಆ ಗುಂಡು ಬಟ್ಟೆಯನ್ನು ಕೆಳಕ್ಕೆ ಜಗ್ಗಬೇಕಾದರೆ ಅದರ ಕೆಳಗೆ ಎಳೆಯುವ ಇನ್ನೊಂದು ಭೂಮಿ ಬೇಕಲ್ಲ, ಕಳ್ಳನನ್ನು ಹಿಡಿಯಲು ಕಳ್ಳನನ್ನೇ ಕರೆದುಕೊಂಡು ಬಂದ ಹಾಗಾಯಿತಲ್ಲ ಎಂದು ಬಸ್ಸಿನಲ್ಲಿ ಹಾಸನದವರೆಗೂ ಗೊಣಗಿದರು. ನನಗೆ ಅದೆಲ್ಲ ತಲೆಗೆ ಹೋಗುತ್ತಿರಲಿಲ್ಲ. ಹೋಗದಿದ್ದರೂ ನಾನು ಸೋಲುತ್ತಿರಲಿಲ್ಲ. ಇಳಿಯುವಾಗ "ಏನೇ ಹೇಳಿ ಸಾರ್, ಭೂಮಿ ಎಳೆಯುತ್ತೆ" ಎಂದು ಹೇಳಿಯೇ ಇಳಿಯುತ್ತಿದ್ದೆ. ಹಾಗೆನ್ನದಿದ್ದರೆ ನನಗೂ ದಿನ ಮುಗಿದಂತೆ ಅನ್ನಿಸುತ್ತಿರಲಿಲ್ಲ.

ಲ್ಯಾಬಿನಲ್ಲಿ ಅವರು ಬೇರೆಯೇ ಮನುಷ್ಯ. ಅಲ್ಲಿ ತಮಾಷೆ ಇಲ್ಲ. ದಾರಕ್ಕೆ ಗುಂಡು ಕಟ್ಟಿ ತೂಗಾಡಿಸಿ, ಬೀಳುವ ವೇಗ ಎಷ್ಟೆಷ್ಟು ಹೆಚ್ಚುತ್ತದೆ ಎಂದು ಕಂಡುಹಿಡಿಯುವ ಪ್ರಯೋಗ ಪಿಯುಸಿ ಓದಿದವರಿಗೆಲ್ಲ ಗೊತ್ತು. ಉತ್ತರ ಒಂಬತ್ತು ಪಾಯಿಂಟ್ ಎಂಟು ಬರಬೇಕು. ಬರುವುದಿಲ್ಲ. ಮಕ್ಕಳು ಪುಸ್ತಕ ನೋಡಿ ಅದನ್ನೇ ಬರೆದುಬಿಡುತ್ತಾರೆ, ಎಲ್ಲ ಕಾಲೇಜಿನಲ್ಲೂ ನಡೆಯುವುದು ಇದೇ. ಇವರು ಅಂಥ ಪುಟಕ್ಕೆ ಅಡ್ಡಗೆರೆ ಎಳೆಯುತ್ತಿದ್ದರು. ಒಬ್ಬಳು ಹುಡುಗಿಗೆ ಏನೋ ಹೊಂದದ ಉತ್ತರ ಬಂದಿತ್ತು, ಅಳುತ್ತ ಅದನ್ನೇ ಬರೆದಿದ್ದಳು. ಅವಳಿಗೆ ಪೂರ್ತಿ ಅಂಕ ಕೊಟ್ಟರು.

"ರೀಡಿಂಗ್ ತಿದ್ದಬೇಡಿ" ಎನ್ನುವುದು ಅವರ ಬಾಯಲ್ಲಿ ದಿನಕ್ಕೊಮ್ಮೆ ಬರುತ್ತಿತ್ತು. "ತಕ್ಕಡಿ ಏನು ಹೇಳುತ್ತೋ ಅದನ್ನ ಬರೀರಿ. ನಿಮಗೆ ಏನು ಬೇಕೋ ಅದನ್ನಲ್ಲ."

ಲಿಫ್ಟಿನ ಕಥೆ ಹೇಳದಿದ್ದರೆ ಅವರ ವಿಷಯ ಅರ್ಧವಾಗುತ್ತದೆ. ಅರಕಲಗೂಡಿನಲ್ಲಿ ಪಾಠಕ್ಕೆ ಒದಗುವ ಲಿಫ್ಟು ಎಲ್ಲಿದೆ? ಅದಕ್ಕೆ ಒಂದು ಭಾನುವಾರ ನಾಲ್ಕೈದು ಮಕ್ಕಳನ್ನು ಹಾಸನಕ್ಕೆ ಕರೆಸಿಕೊಂಡರು. ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ದೂರದಲ್ಲಿ ಬಟ್ಟೆ ಅಂಗಡಿಗಳ ಕಟ್ಟಡವೊಂದಿದೆ. ಅದರ ಲಿಫ್ಟಿನೊಳಗೆ, ನಿಂತು ತೂಕ ನೋಡುವ ಯಂತ್ರ ಇಟ್ಟು, ಒಬ್ಬೊಬ್ಬರನ್ನೇ ಅದರ ಮೇಲೆ ನಿಲ್ಲಿಸಿದರು. ಹೆಣ್ಣುಮಕ್ಕಳಿದ್ದಾರೆ, ಜೊತೆಗಿರಿ ಎಂದು ನನ್ನನ್ನೂ ಕರೆದಿದ್ದರು. ಲಿಫ್ಟು ಮೇಲಕ್ಕೆ ಹೊರಟ ಕ್ಷಣ ಮುಳ್ಳು ಮುಂದಕ್ಕೆ ಹಾರುತ್ತಿತ್ತು, ಕೆಳಕ್ಕೆ ಹೊರಟ ಕ್ಷಣ ಹಿಂದಕ್ಕೆ. ಮಕ್ಕಳು ಮತ್ತೆ ಮತ್ತೆ ಮಾಡಿಸಿದರು. ಸೀರೆ ಕೊಳ್ಳಲು ಬಂದವರು ಹೊರಗೆ ನಿಂತು ಶಪಿಸುತ್ತಿದ್ದರು.

"ನೋಡ್ರಿ, ಭೂಮಿ ಅದೇ ಭೂಮಿ, ನೀವು ಅದೇ ನೀವು. ನೆಲ ಹೆಚ್ಚು ಒತ್ತಿದರೆ ತೂಕ ಹೆಚ್ಚು, ಕಮ್ಮಿ ಒತ್ತಿದರೆ ಕಮ್ಮಿ. ಈಗ ಹಗ್ಗವೇ ಕಿತ್ತುಹೋಯ್ತು ಅಂದ್ಕೊಳ್ಳಿ. ಮುಳ್ಳು ಸೊನ್ನೆಗೆ ಬರುತ್ತೆ. ಬೀಳೋನಿಗೆ ತೂಕವೇ ಇಲ್ಲ. ಅವನು ಆರಾಮಾಗಿ ತೇಲ್ತಾ ಇರ್ತಾನೆ."

"ಆಮ್ಯಾಕೆ ಸಾ?" ಎಂದು ಒಬ್ಬಳು ಕೇಳಿದಳು.

"ಆಮೇಲೆ ನೆಲ ಬರುತ್ತೆ" ಎಂದರು ಮೇಷ್ಟ್ರು.

ಅಷ್ಟರಲ್ಲಿ ಸೆಕ್ಯೂರಿಟಿಯವನು ಬಂದ. "ಏನ್ಸಾ ಇದು, ತೂಕ ನೋಡ್ಕಳಕ್ಕೆ ಇದೇ ಜಾಗ ಬೇಕಿತ್ತಾ? ಆಚೆ ಓಗಿ" ಎಂದು ಎಲ್ಲರನ್ನೂ ಅಟ್ಟಿದ. ಮೇಷ್ಟ್ರು ಯಂತ್ರವನ್ನು ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲಿಳಿದರು. ಅವರು ಅಷ್ಟು ಖುಷಿಯಾಗಿದ್ದದ್ದನ್ನು ನಾನು ಅದಕ್ಕೆ ಮುಂಚೆಯೂ ನೋಡಿಲ್ಲ, ಆಮೇಲೂ ನೋಡಲಿಲ್ಲ. ಆ ಮಕ್ಕಳಲ್ಲಿ ಯಾರೂ ಮುಂದೆ ಭೌತಶಾಸ್ತ್ರ ತೆಗೆದುಕೊಳ್ಳಲಿಲ್ಲ.

ಕಾಯಿಲೆ ಮೊದಲು ಕಾಣಿಸಿಕೊಂಡದ್ದು ಮುದ್ದೆಯಲ್ಲಿ. ಸಾಲಗಾಮೆಯ ಹತ್ತಿರ ನಮ್ಮ ಕಾಲೇಜಿನ ಗುಮಾಸ್ತರ ಮಗಳ ಮದುವೆಯ ಬೀಗರೂಟ. ಸಾಲಾಗಿ ಕೂತಿದ್ದೆವು. ಮುದ್ದೆಯನ್ನು ಅಗಿಯುವುದು ನಮ್ಮ ಕಡೆ ಅವಮಾನ, ತುತ್ತು ಮುರಿದು ಸಾರಿನಲ್ಲಿ ಅದ್ದಿ ಹಾಗೇ ಒಳಗೆ ಬಿಡಬೇಕು. ಕೊಣನೂರಿನ ಕಡೆಯ ಹಳ್ಳಿಯಲ್ಲಿ ಹೊಲ ಗದ್ದೆ ಮಾಡಿಕೊಂಡು ಬಂದ ಮನೆಯಲ್ಲಿ ಹುಟ್ಟಿದ ಈ ಮನುಷ್ಯ ಒಂದು ತುತ್ತು ಬಾಯಿಗಿಟ್ಟು ಸುಮ್ಮನೆ ಕೂತರು. ಗಂಟಲಮಣಿ ಮೇಲೆ ಹೋಯಿತು, ಕೆಳಗೆ ಬರಲಿಲ್ಲ. ಕಣ್ಣಲ್ಲಿ ನೀರು ಬಂತು. ಎದ್ದು ಹೋಗಿ ಕೈತೊಳೆಯುವ ಕಡೆ ನಿಂತರು. ಆಮೇಲೆ ಊಟದ ಡಬ್ಬಿಯಲ್ಲಿ ಚಪಾತಿ ಹೋಗಿ ಅನ್ನ ಬಂತು, ಅನ್ನ ಹೋಗಿ ಗಂಜಿ ಬಂತು.

"ನುಂಗೋದಕ್ಕೂ ಭೂಮಿಗೂ ಸಂಬಂಧ ಇಲ್ಲ ಮೇಡಮ್" ಎಂದರು ಒಂದು ದಿನ, ಗಂಜಿಯ ಲೋಟ ಮುಂದಿಟ್ಟುಕೊಂಡು. "ತಲೆಕೆಳಗಾಗಿ ನಿಂತರೂ ನುಂಗಬಹುದು. ನನಗೆ ನೆಟ್ಟಗೆ ಕೂತರೂ ಆಗ್ತಾ ಇಲ್ಲ."

ಹಾಸನದ ಡಾಕ್ಟರು ಬೆಂಗಳೂರಿಗೆ ಕಳಿಸಿದರು. ಬೆಂಗಳೂರಿನವರು ಕೊಯ್ಯುವ ಹಂತ ದಾಟಿದೆ ಎಂದು ವಾಪಸು ಕಳಿಸಿದರು. ಇದನ್ನು ಇಷ್ಟು ಚಿಕ್ಕದಾಗಿ ಬರೆಯುತ್ತಿದ್ದೇನೆ, ಏಕೆಂದರೆ ನಡೆದದ್ದೂ ಇಷ್ಟೇ. ನಡುವೆ ಯಾವ ಆಸೆಗೂ ಜಾಗವಿರಲಿಲ್ಲ. ಹಾಸನದ ಆಸ್ಪತ್ರೆಗೆ ಅವರ ಹೆಂಡತಿಯ ಜೊತೆ ಕೆಲವು ಸಲ ನಾನೂ ಹೋಗಿದ್ದೆ. ಒಮ್ಮೆ ಗಾಲಿಕುರ್ಚಿಯಲ್ಲಿ ಕೂರಿಸಿ ಲಿಫ್ಟಿನಲ್ಲಿ ಕೆಳಗೆ ತರುತ್ತಿದ್ದಾಗ, ಅದು ಹೊರಟ ಕ್ಷಣಕ್ಕೆ ಕಣ್ಣು ಮುಚ್ಚಿ "ಹಗುರ ಆದೆ" ಎಂದರು. ನಾನು ಬಾಗಿಲ ಕಡೆ ತಿರುಗಿ ನಿಂತೆ. ಪ್ರತಿ ಸಲವೂ ಅಲ್ಲಿಯ ನರ್ಸು ಅವರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸುತ್ತಿದ್ದಳು. ಅವಳು ಓದುವ ಮೊದಲೇ ಇವರು ಬಗ್ಗಿ ಓದಿ ಹೇಳಿಬಿಡುತ್ತಿದ್ದರು. ಪ್ರತಿ ಸಲವೂ ಕಮ್ಮಿ.

ಹಾಸನದ ಬಾಡಿಗೆ ಮನೆ ಬಿಟ್ಟು ಅವರು ಊರಿಗೆ, ತಾಯಿಯ ಮನೆಗೆ ಹೋದರು. ನಾನು ರಜೆಯ ದಿನ ಕೊಣನೂರಿನ ಬಸ್ಸು ಹಿಡಿದು ನೋಡಲು ಹೋಗುತ್ತಿದ್ದೆ. ಮಂಚ ಇದ್ದರೂ ನೆಲದ ಮೇಲೆ ಹಾಸಿಗೆ ಹಾಕಿಸಿಕೊಂಡು ಮಲಗಿದ್ದರು. ಬೆನ್ನಿಗೆ ತಣ್ಣಗಾಗುತ್ತದೇನೋ ಎಂದುಕೊಂಡು ಕೇಳಿದೆ.

"ನೆಲಕ್ಕೆ ಹತ್ತಿರ ಇದ್ದಷ್ಟೂ ಕಾಲ ನಿಧಾನ" ಎಂದರು. ದನಿ ಆಗಲೇ ಪಿಸುಮಾತಾಗಿತ್ತು. "ಅಟ್ಟದ ಮೇಲಿನ ಗಡಿಯಾರಕ್ಕಿಂತ ನೆಲದ ಮೇಲಿನದು ನಿಧಾನ ಓಡುತ್ತೆ. ನಿಜವಾಗಿ. ಅಳೆದು ನೋಡಿದ್ದಾರೆ."

"ಎಷ್ಟು ಉಳಿಯುತ್ತೆ ಸಾರ್, ಮಂಚದಿಂದ ನೆಲಕ್ಕೆ ಬಂದರೆ?"

"ಕಣ್ಣು ಮಿಟುಕಿಸೋ ಅಷ್ಟೂ ಇಲ್ಲ" ಎಂದು ನಕ್ಕರು. ನಗುವುದೂ ಅವರಿಗೆ ನೋವಾಗುತ್ತಿತ್ತು.

ಅವರ ತಾಯಿಗೆ ಎಂಬತ್ತರ ಹತ್ತಿರ. ಬೆನ್ನು ಬಾಗಿದೆ, ಮಾತು ಬಾಗಿಲ್ಲ. ಕಾಯಿಲೆ ಗೊತ್ತಾದ ದಿನವೇ ಆಕೆ ಮನೆದೇವರಿಗೆ ತುಲಾಭಾರ ಹೊತ್ತಿದ್ದರು. ಹೊಳೆ ದಂಡೆಯ ಈಶ್ವರನ ಗುಡಿಯಲ್ಲಿ ದೊಡ್ಡ ತಕ್ಕಡಿಯ ಒಂದು ತಟ್ಟೆಯಲ್ಲಿ ಮಗ, ಇನ್ನೊಂದರಲ್ಲಿ ಬೆಲ್ಲ, ಮುಳ್ಳು ನೆಟ್ಟಗೆ ನಿಲ್ಲುವಷ್ಟು. ಇಂಥ ಹರಕೆಯನ್ನು ಎಲ್ಲರೂ ತೀರಿಸುವುದು ಗುಣವಾದ ಮೇಲೆ. ಆದರೆ ಆಕೆ ಬೇರೆಯೇ ಲೆಕ್ಕ ಹಾಕಿದ್ದರು. ಅಡುಗೆ ಮನೆಯ ಬಾಗಿಲಲ್ಲಿ ಕೂತು ನನಗೆ ಬಿಡಿಸಿ ಹೇಳಿದರು.

"ಮೊದ್ಲೇ ಕೊಟ್ಬುಡಾನ ಅಂತ ಕಣವ್ವಾ. ಗುಣ ಆದ್ಮ್ಯಾಲೆ ಕೊಡ್ತೀನಿ ಅಂದ್ರೆ ಅವನು ನಿಧಾನ ಮಾಡ್ತನೆ. ಕೈ ತುಂಬ ಇಸ್ಕಂಡ್ಮ್ಯಾಲೆ ಅವನಿಗೂ ನಾಚ್ಕೆ ಆಗಕಿಲ್ವಾ? ಮಾಡ್ದೆ ಇರಕ್ಕಾಯ್ತದಾ?"

ದೇವರನ್ನು ದಾಕ್ಷಿಣ್ಯಕ್ಕೆ ಸಿಕ್ಕಿಸುವ ಈ ಉಪಾಯ ಕೇಳಿ ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು. ಮೇಷ್ಟ್ರು ಏನು ಹೇಳುತ್ತಾರೋ ಎಂದು ಒಳಗೆ ಹೋಗಿ ಕೇಳಿದೆ. ಅವರು ಯಾವತ್ತೂ ಗುಡಿಗೆ ಹೋದವರಲ್ಲ. "ಕೂತ್ಕೋತೀನಿ" ಎಂದರು. "ಅವ್ವನ ಕೈಲಿ ಇನ್ನೇನು ಮಾಡೋಕಾಗುತ್ತೆ ಹೇಳಿ. ಇದೊಂದಾದರೂ ಮಾಡ್ಲಿ."

ಬೆಲ್ಲ ಬಂದದ್ದು ಚನ್ನರಾಯಪಟ್ಟಣದ ಕಡೆಯಿಂದ, ಅವರ ಹೆಂಡತಿಯ ಅಣ್ಣನ ಆಲೆಮನೆಯಿಂದ. ಭಾವನಿಗೆಂದು ಆತ ಹೊಸ ಕಬ್ಬು ಕಡಿಸಿ, ಹೊನ್ನಿನ ಬಣ್ಣ ಬರುವ ಹಾಗೆ ಕಾಯಿಸಿ, ದಪ್ಪ ಅಚ್ಚು ಹಾಕಿಸಿ, ಗೋಣಿಚೀಲಗಳಲ್ಲಿ ತುಂಬಿ ಕಳಿಸಿದ್ದ. ಚೀಲಗಳನ್ನು ನಾನು ಒಂದೊಂದಾಗಿ ಎಣಿಸಿದೆ. ಆತ ಕಳಿಸಿದ್ದು ತಾನು ನೋಡಿದ್ದ ಭಾವನ ತೂಕಕ್ಕೆ. ಬಸ್ಸಿನ ಸೀಟಿನಲ್ಲಿ ನನ್ನ ಪಕ್ಕ ಕೂತರೆ ಮೂರನೆಯವರಿಗೆ ಜಾಗವಿಲ್ಲದಂತೆ ಇದ್ದರಲ್ಲ, ಆ ಮೇಷ್ಟ್ರ ತೂಕಕ್ಕೆ.

"ಅಣ್ಣಂಗೆ ಇವ್ರು ಇಳ್ದೋಗಿರೋದ್ನ ಏಳಿಲ್ಲ ಮೇಡಮ್" ಎಂದರು ಅವರ ಹೆಂಡತಿ, ನನ್ನ ಮುಖ ನೋಡಿ. "ಎಷ್ಟು ಕಮ್ಮಿ ಮಾಡು ಅಂತ ಏಳ್ಳಿ? ನಂಗೆ ಬಾಯಿ ಬರ್ನಿಲ್ಲ."

ಹೊರಡುವ ಮೊದಲು ಎರಡು ಚೀಲ ಇಳಿಸಿಬಿಡಬಹುದಾಗಿತ್ತು. ಯಾರೂ ಇಳಿಸಲಿಲ್ಲ. ಇಳಿಸಿದರೆ ಯಾಕೆ ಇಳಿಸಿದೆವು ಎಂದು ಮುದುಕಿಗೆ ಹೇಳಬೇಕಿತ್ತು. ಮಗನಿಗೆ ಬೆಳಿಗ್ಗೆ ಸಂಜೆ ದೃಷ್ಟಿ ತೆಗೆಯುತ್ತಿದ್ದ ಆಕೆಗೆ, ಮೇಲೆ ಹೊದ್ದ ಕಂಬಳಿಯ ಕೆಳಗೆ ಎಷ್ಟು ಉಳಿದಿದೆ ಎಂದು ಸರಿಯಾಗಿ ತಿಳಿದಿರಲಿಲ್ಲ, ಕಣ್ಣೂ ಮಂಜಾಗಿತ್ತು.

ಸೋಮವಾರ ಬೆಳಿಗ್ಗೆ ಕಾರಿನಲ್ಲಿ ಗುಡಿಗೆ ಹೋದೆವು. ಮಂಟಪದ ತೊಲೆಗೆ ತಕ್ಕಡಿ ನೇತುಹಾಕಿತ್ತು. ಕಬ್ಬಿಣದ ಸರಪಳಿ, ಮರದ ತಟ್ಟೆಗಳು. ಪೂಜಾರಿಯೂ ಡ್ರೈವರೂ ಸೇರಿ ಒಂದು ತಟ್ಟೆಗೆ ಬೆಲ್ಲವನ್ನೆಲ್ಲ ಜೋಡಿಸಿದರು. ಇನ್ನೊಂದಕ್ಕೆ ಮೇಷ್ಟ್ರನ್ನು ಎತ್ತಿ ಕೂರಿಸಿದರು. ಬಿಳಿ ಪಂಚೆ, ಮೇಲೆ ಶಾಲು. ಬೆಲ್ಲದ ತಟ್ಟೆಯ ಕೆಳಗೆ ಕೊಟ್ಟಿದ್ದ ಮರದ ತುಂಡನ್ನು ಪೂಜಾರಿ ತೆಗೆದ.

ಮೇಷ್ಟ್ರು ಮೇಲಕ್ಕೆ ಹೋದರು. ಬೆಲ್ಲದ ತಟ್ಟೆ ಧಡ್ಡೆಂದು ನೆಲಕ್ಕೆ ಕೂತಿತು. ಎತ್ತರದಲ್ಲಿ ಸರಪಳಿ ಹಿಡಿದುಕೊಂಡು ಅವರು ನಮ್ಮನ್ನೆಲ್ಲ ನೋಡಿದರು.

"ಬೆಲ್ಲ ಜಾಸ್ತಿ ಆಯ್ತು, ತೆಗೀಬೇಕು" ಎಂದ ಪೂಜಾರಿ.

"ತೆಗೀಬ್ಯಾಡಿ" ಎಂದರು ತಾಯಿ. ಕೋಲು ಊರಿಕೊಂಡು ಮುಂದೆ ಬಂದರು. "ನನ್ನ ಮಗನ ತೂಕ ಅಷ್ಟೇಯಾ. ನಾನು ಹರಕೆ ಒತ್ತಿರೋದು ಅಷ್ಟಕ್ಕೇಯಾ. ತಕ್ಕಡಿ ನೆಟ್ಟಗೆ ಕಟ್ಟಿಲ್ಲ ನೀವು, ನೋಡಿ."

ಪೂಜಾರಿ ಮೇಲೆ ನೋಡಿದ, ಕೊಕ್ಕೆ ಅಲ್ಲಾಡಿಸಿದ, ನಮ್ಮ ಕಡೆ ತಿರುಗಿದ. ಸರಿಯಾಗಿ ಕಟ್ಟಿದ್ದ ತಕ್ಕಡಿ ಅದು. ಮೇಷ್ಟ್ರ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದರು. ನಾನು ಮೇಷ್ಟ್ರ ತಟ್ಟೆಯ ಹಿಂದೆ ನಿಂತಿದ್ದೆ, ತಾಯಿಗೆ ಕಾಣದ ಕಡೆ. ಯೋಚನೆ ಮಾಡಿ ಮಾಡಿದ್ದಲ್ಲ. ಕೈ ಎತ್ತಿ, ತಟ್ಟೆಯ ಹಿಂದಿನ ಅಂಚಿನ ಮೇಲೆ ಅಂಗೈ ಇಟ್ಟು ಒತ್ತಿದೆ.

ತಟ್ಟೆ ನಿಧಾನಕ್ಕೆ ಇಳಿಯಿತು. ಬೆಲ್ಲ ನೆಲ ಬಿಟ್ಟು ಎದ್ದಿತು. ಮುಳ್ಳು ನಡುವಿಗೆ ಬರುವವರೆಗೆ ಒತ್ತಿದೆ. ಸಣ್ಣ ಭಾರವಲ್ಲ. ತಟ್ಟೆಯ ಅಂಚು ನನ್ನ ಅಂಗೈಯನ್ನು ಕೆಳಗಿಂದ ಮೇಲಕ್ಕೆ ತಳ್ಳುತ್ತಲೇ ಇತ್ತು, ಒಂದು ಚೂರೂ ಬಿಡದೆ. ಮುದ್ದೆ ನುಂಗಲಾಗದ ದಿನದಿಂದ ಇವತ್ತಿನವರೆಗೆ ಅವರ ಮೈಯಿಂದ ಏನೇನು ಹೋಗಿತ್ತೋ ಅದಷ್ಟೂ ನನ್ನ ಕೈಯಲ್ಲಿತ್ತು. ಪೂಜಾರಿ ನೋಡಿದ, ನೋಡಿಯೂ ಮಂತ್ರ ಶುರುಮಾಡಿದ, ಅವನ ಹೊಟ್ಟೆ ತಣ್ಣಗಿರಲಿ.

ಮೇಷ್ಟ್ರು ಕತ್ತು ತಿರುಗಿಸಿ ನನ್ನ ಕೈ ನೋಡಿದರು. ಜೀವನವಿಡೀ ಒಬ್ಬ ವಿದ್ಯಾರ್ಥಿಗೂ ಒಂದು ಅಂಕಿ ತಿದ್ದಲು ಬಿಟ್ಟವರಲ್ಲ. ಗಂಟಲಮಣಿ ಮೇಲೇರಿತು. ಈಗ ಹೇಳುತ್ತಾರೆ, ಈಗ ಹೇಳಿಬಿಡುತ್ತಾರೆ ಎಂದು ನಾನು ಕಾದೆ. ಅವರು ಮುಂದಕ್ಕೆ ತಿರುಗಿ ತಾಯಿಯನ್ನು ನೋಡಿದರು.

"ಸಮ ಆಯ್ತಾ?" ಎಂದು ತಾಯಿ ಕೇಳಿದರು.

"ಸಮ ಆಯ್ತು ಕಣವ್ವಾ" ಎಂದರು ಮೇಷ್ಟ್ರು.

ಬೆಲ್ಲವನ್ನು ಒಡೆದು ಬಂದವರಿಗೆಲ್ಲ ಹಂಚಿದರು. ಮೇಷ್ಟ್ರಿಗೆ ಹೆಂಡತಿ ಒಂದು ಚೂರನ್ನು ನೀರಿನಲ್ಲಿ ಕದಡಿ ತುಟಿಗೆ ಸವರಿದರು. ವಾಪಸು ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ಹೆಂಡತಿಗೂ ನನಗೂ ನಡುವೆ ಮೇಷ್ಟ್ರು ನನ್ನ ಭುಜಕ್ಕೆ ತಲೆಯಾನಿಸಿ ಕೂತಿದ್ದರು. ತಾಯಿ ಮುಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದರು.

"ರೀಡಿಂಗ್ ತಿದ್ದಿದ್ರಿ" ಎಂದರು. ಕಿವಿ ಹತ್ತಿರ ತಂದರಷ್ಟೇ ಕೇಳುತ್ತಿತ್ತು.

"ಹೂಂ."

"ಕೈಗೆ ಗೊತ್ತಾಯ್ತಾ?"

"ಗೊತ್ತಾಯ್ತು ಸಾರ್."

"ಯಾರಾದ್ರೂ ಎಳೆದ್ರಾ?"

ಅಷ್ಟು ವರ್ಷದ ಜಗಳದಲ್ಲಿ ನಾನು ಸೋತದ್ದು ಅವತ್ತೊಂದೇ ದಿನ. "ಯಾರೂ ಎಳೀಲಿಲ್ಲ. ಕೆಳಗಿಂದ ಒತ್ತುತ್ತಾ ಇತ್ತು" ಎಂದೆ. ಅಳು ಬಂದುಬಿಟ್ಟಿತು.

ಅವರು ಕಿಟಕಿಯ ಕಡೆ ನೋಡಿದರು. ರಸ್ತೆಯ ಎರಡೂ ಕಡೆ ಹೊಗೆಸೊಪ್ಪಿನ ಹೊಲ, ಜೋಳದ ಹೊಲ. "ಒಬ್ಬರಿಗೆ ಅರ್ಥ ಆಯ್ತು" ಎಂದರು. ಆಮೇಲೆ, "ಆದರೆ ಅರ್ಥ ಆದ್ರೂ ಬೀಳೋದು ನಿಲ್ಲಲ್ಲ ಮೇಡಮ್" ಎಂದರು.

ನಿಲ್ಲಲಿಲ್ಲ. ಆ ತಿಂಗಳು ದಾಟುವ ಮೊದಲೇ ಹೋದರು. ನೆಲದ ಮೇಲಿನ ಹಾಸಿಗೆಯಲ್ಲೇ ಹೋದರು. ಅವರದೇ ಹೊಲದ ಬದುವಿನಲ್ಲಿ ಮಣ್ಣಿಗಿಟ್ಟರು. ಎತ್ತಿಕೊಂಡು ಹೋದವರಲ್ಲಿ ಅವರ ಹಳೆಯ ವಿದ್ಯಾರ್ಥಿಗಳೂ ಇದ್ದರು. "ಏನೂ ತೂಕಾನೇ ಇಲ್ಲ ಕಣ್ಲಾ" ಎಂದು ಒಬ್ಬ ಇನ್ನೊಬ್ಬನಿಗೆ ಹೇಳಿದ್ದು ಕಿವಿಗೆ ಬಿತ್ತು. ನನಗೆ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು, ಪಾಪ, ಅವನು ನಿಜವನ್ನೇ ಹೇಳಿದ್ದ.

ಅವರ ಜಾಗಕ್ಕೆ ಈಗ ಒಬ್ಬ ಹುಡುಗ ಬಂದಿದ್ದಾನೆ. ಒಳ್ಳೆಯವನು, ಪರೀಕ್ಷೆಗೆ ಬರುವುದನ್ನು ಚೆನ್ನಾಗಿ ಹೇಳುತ್ತಾನೆ. ಲ್ಯಾಬಿನಲ್ಲಿ ಎಲ್ಲರಿಗೂ ಒಂಬತ್ತು ಪಾಯಿಂಟ್ ಎಂಟು ಬರುತ್ತದೆ. ಶನಿವಾರ ಮಕ್ಕಳು ಬಸ್ ಸ್ಟ್ಯಾಂಡಿನಲ್ಲೇ ಕಾಯುತ್ತಾರೆ. ತೂಕ ಅಂದರೆ ಏನು ಎಂದು ಕೈಯಾರೆ ತಿಳಿದವಳು ನಾನೊಬ್ಬಳೇ, ನಾನು ಹಳಗನ್ನಡ ಪಾಠ ಮಾಡಿಕೊಂಡಿದ್ದೇನೆ.

ಮೇಷ್ಟ್ರ ಊರಿಗೆ ಈಗಲೂ ಹೋಗುತ್ತಿರುತ್ತೇನೆ. ಅವರ ಹೆಂಡತಿ ಅತ್ತೆಯನ್ನು ನೋಡಿಕೊಂಡು ಅಲ್ಲೇ ಇದ್ದಾರೆ. ಮುದುಕಿ ನನ್ನ ದನಿ ಕೇಳಿದ ಕೂಡಲೇ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ. ಮೊದಲು ಕಾಫಿ ಆಯಿತಾ ಎಂದು ಕೇಳುತ್ತಾರೆ. ಆಮೇಲೆ ಕೇಳುವುದು ಒಂದೇ.

"ನೀನು ಹತ್ರದಲ್ಲೇ ನಿಂತಿದ್ದೆ ಕಣವ್ವಾ. ನಂಗೆ ಕಣ್ಣು ಸರಿಯಾಗಿ ಕಾಣಾಕಿಲ್ಲ. ಮುಳ್ಳು ನೆಟ್ಟಗಿತ್ತು ತಾನೆ? ದ್ಯಾವ್ರಿಗೆ ಕಮ್ಮಿ ಬಿದ್ದಿರ್ನಿಲ್ಲ ತಾನೆ?"

ಕಮ್ಮಿ ಬೀಳಲಿಲ್ಲ ತಾಯಿ, ನಿಮ್ಮ ಮಗನಿಗಿಂತ ಜಾಸ್ತಿಯೇ ಬಿತ್ತು ಎಂದು ಹೇಳಬಹುದು. ಹೇಳಿದರೆ ಮಗ ಎಷ್ಟು ಉಳಿದಿದ್ದ ಎಂಬುದನ್ನೂ ಹೇಳಬೇಕು. ಕೊಡಬೇಕಾದ್ದಕ್ಕಿಂತ ಹೆಚ್ಚೇ ಇಸಿದುಕೊಂಡೂ ಆ ದೇವರಿಗೆ ನಾಚಿಕೆಯಾಗಲಿಲ್ಲ ಎಂಬುದನ್ನೂ ಹೇಳಬೇಕು.

"ಸಮ ಇತ್ತು ಕಣಮ್ಮ" ಎನ್ನುತ್ತೇನೆ.

"ಮತ್ಯಾಕವ್ವಾ ಅವನು ಇಂಗ್ಮಾಡ್ದ?"

ಮೇಷ್ಟ್ರು ಇದ್ದಿದ್ದರೆ ಬೀಳುವುದಕ್ಕೆ ಕಾರಣ ಬೇಡ ಎನ್ನುತ್ತಿದ್ದರು. ಅದನ್ನು ಒಬ್ಬ ತಾಯಿಗೆ ಹೇಳುವುದು ಹೇಗೆ? ಆಕೆ ತಲೆಯಾಡಿಸುತ್ತಾರೆ, ಸಮ ಇತ್ತು, ಸಮ ಇತ್ತು ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಸ್ವಲ್ಪ ಹೊತ್ತು ನೆಟ್ಟಗೆ ಕೂರುತ್ತಾರೆ. ಮುಂದಿನ ಸಲ ಹೋದಾಗ ಮತ್ತೆ ಕೇಳುತ್ತಾರೆ. ನಾನು ಮತ್ತೆ ಹೇಳುತ್ತೇನೆ, ಹೇಳುವಾಗ ನನ್ನ ಬಲಗೈ ತಾನಾಗಿಯೇ ಚಾಪೆಯನ್ನು ಒತ್ತಿಕೊಂಡಿರುತ್ತದೆ. ಅದನ್ನು ತೆಗೆದರೆ ಆಕೆ ಬೀಳುತ್ತಾರೆ ಎಂದು ನನಗೆ ಗೊತ್ತು.